ಜಿಐ ಬಿಲ್‌ನಲ್ಲಿ ಓದೋರಿಗೆ: ನಮ್ಮ ಯೂನಿವರ್ಸಿಟಿ ವೆಟರನ್ಸ್ ಆಫೀಸಿನ ರಿವ್ಯೂ

ಅಮೆರಿಕದ ಆರ್ಮಿಲಿ ಮೆಡಿಕ್ ಆಗಿದ್ದು, ಸರ್ವಿಸ್ ಮುಗ್ಸಿ ಈಗ ಪೋಸ್ಟ್ 9/11 ಜಿಐ ಬಿಲ್, ಅಂದ್ರೆ ಮಿಲಿಟರಿ ಸರ್ವಿಸ್ ಮಾಡಿದವರಿಗೆ ಓದೋಕೆ ಸರ್ಕಾರ ಕೊಡೋ ದುಡ್ಡಲ್ಲಿ ನರ್ಸಿಂಗ್ ಓದ್ತಿದೀನಿ. ಸ್ಟೂಡೆಂಟ್ ವೀಸಾದಲ್ಲಿ ಬಂದು ಮಾವ್ನಿ ಅನ್ನೋ, ಗ್ರೀನ್ ಕಾರ್ಡ್ ಇಲ್ಲದ ವಿದೇಶೀಯರನ್ನೂ ಸೇನೆಗೆ ಸೇರಿಸ್ಕೊಳ್ತಿದ್ದ ಸ್ಕೀಮಲ್ಲಿ ಸೇರಿದವನು ನಾನು. ಆ ಸ್ಕೀಮ್ 2016ರಲ್ಲೇ ನಿಂತೋಯ್ತು, ಆದ್ರೆ ಆಗ ಸೇರಿದ್ದ ಇಂಡಿಯನ್ಸ್ ಈಗ ಒಬ್ಬೊಬ್ರಾಗಿ ಆಚೆ ಬಂದು ಕಾಲೇಜು ಸೇರ್ತಿದಾರೆ, ಜೊತೆಗೆ ಇಲ್ಲೇ ಹುಟ್ಟಿ ಬೆಳೆದ ನಮ್ಮವರ ಮಕ್ಕಳು ನ್ಯಾಷನಲ್ ಗಾರ್ಡ್‌ಗೋ ನೇವಿಗೋ ಸೇರಿರೋರೂ ಇದಾರೆ. ಇವರಿಗೆಲ್ಲ ಕನ್ನಡದಲ್ಲಿ ಯಾರಾದ್ರೂ ಬರೀಲಿ ಅಂತ ಕಾಯ್ತಾ ಇದ್ದೆ, ಕೊನೆಗೆ ನಾನೇ ಬರೀತಿದೀನಿ.

ಮಾರ್ಕ್ಸ್ ಮೊದ್ಲೇ ಹೇಳ್ಬಿಡ್ತೀನಿ. ಬೆನಿಫಿಟ್‌ಗೆ 5ಕ್ಕೆ 5. ನಮ್ಮ ಈಗಿನ ಯೂನಿವರ್ಸಿಟಿಯ ವೆಟರನ್ಸ್ ಆಫೀಸಿಗೂ (ಮಾಜಿ ಸೈನಿಕ ವಿದ್ಯಾರ್ಥಿಗಳ ಕೆಲಸ ನೋಡೋ ಆಫೀಸು) 5ಕ್ಕೆ 5. ಇದಕ್ಕೂ ಮುಂಚೆ ಓದಿದ ಕಮ್ಯೂನಿಟಿ ಕಾಲೇಜಿನ ಆಫೀಸಿಗೆ 2 ಕೊಟ್ರೆ ಜಾಸ್ತಿ. ಕಾನೂನು ಎರಡು ಕಡೆನೂ ಒಂದೇ, ದುಡ್ಡು ಕೊಡೋ ವಿಎ, ಅಂದ್ರೆ ಮಾಜಿ ಸೈನಿಕರ ಸರ್ಕಾರಿ ಇಲಾಖೆನೂ ಒಂದೇ, ಆದ್ರೆ ಅನುಭವಕ್ಕೆ ಅಜಗಜಾಂತರ. ಯಾಕೆ ಅಂದ್ರೆ ಪ್ರತಿ ಕಾಲೇಜಲ್ಲೂ ಸ್ಕೂಲ್ ಸರ್ಟಿಫೈಯಿಂಗ್ ಆಫೀಸರ್ ಅಂತ ಒಬ್ರು ಇರ್ತಾರೆ, ನೀವು ಯಾವ ಕ್ಲಾಸು ತಗೊಂಡಿದೀರ, ಎಷ್ಟು ಕ್ರೆಡಿಟ್ಟು, ಯಾವತ್ತಿಂದ ಯಾವತ್ತಿನವರೆಗೆ ಅಂತ ವಿಎಗೆ ಬರೆದು ಕಳ್ಸೋದು ಅವ್ರೇ, ಅವ್ರು ಕಳ್ಸೋವರೆಗೂ ಒಂದು ಡಾಲರ್ ಕೂಡ ಅಲ್ಲಾಡಲ್ಲ. ರ‍್ಯಾಂಕಿಂಗ್ ನೋಡಿ ಕಾಲೇಜು ಆರಿಸೋ ಬದ್ಲು ಈ ಮನುಷ್ಯರನ್ನ ನೋಡಿ ಆರಿಸಿ ಅಂತ ನಾನು ಎಲ್ಲರಿಗೂ ಹೇಳ್ತಿದೀನಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ, ಸೆಪ್ಟೆಂಬರ್ 2001ರ ನಂತರ ಒಟ್ಟು 36 ತಿಂಗಳು ಆಕ್ಟಿವ್ ಡ್ಯೂಟಿ ಮಾಡಿದ್ರೆ 100 ಪರ್ಸೆಂಟ್ ಸಿಗತ್ತೆ, ಕಮ್ಮಿ ಇದ್ರೆ 50ರಿಂದ 90 ಪರ್ಸೆಂಟ್. ಸ್ಟೇಟ್ ಯೂನಿವರ್ಸಿಟಿ ಆದ್ರೆ ಇನ್-ಸ್ಟೇಟ್ ಫೀಸು ಪೂರ್ತಿ, ಪ್ರೈವೇಟ್ ಆದ್ರೆ ವರ್ಷಕ್ಕೊಂದು ಮಿತಿ ಇದೆ, 2024-25ರಲ್ಲಿ ಅದು ಸುಮಾರು 29 ಸಾವಿರ ಡಾಲರ್. ಇದರ ಮೇಲೆ ಬಾಡಿಗೆಗೆ ಅಂತ ತಿಂಗಳ ಹೌಸಿಂಗ್ ಅಲೋವೆನ್ಸು, ಪುಸ್ತಕಕ್ಕೆ ವರ್ಷಕ್ಕೆ 1000 ಡಾಲರ್‌ವರೆಗೆ. ಒಟ್ಟು 36 ತಿಂಗಳು ಓದಬಹುದು, ವರ್ಷಕ್ಕೆ 9 ತಿಂಗಳ ಕಾಲೇಜು ಲೆಕ್ಕ ಹಾಕಿದ್ರೆ ಸರಿಯಾಗಿ 4 ವರ್ಷದ ಡಿಗ್ರಿ. ಪಾರ್ಕಿಂಗು, ಹಾಸ್ಟೆಲ್ಲು, ಮೀಲ್ ಪ್ಲ್ಯಾನು ಇವೆಲ್ಲ ಫೀಸಿನ ಲೆಕ್ಕಕ್ಕೆ ಬರಲ್ಲ.

ಈಗ ರೂಲ್ಸ್ ವಿಷಯ. ಎಲ್ಲಕ್ಕಿಂತ ದೊಡ್ಡ ರೂಲ್ ಇದು: ನಿಮ್ಮ ಡಿಗ್ರಿ ಪ್ಲ್ಯಾನಲ್ಲಿ ಇರೋ ಕ್ಲಾಸಿಗೆ ಮಾತ್ರ ವಿಎ ದುಡ್ಡು ಕೊಡತ್ತೆ. ಆಸಕ್ತಿ ಇದೆ ಅಂತ ಫೋಟೋಗ್ರಫಿ ತಗೊಂಡ್ರಿ, ಅದು ಪ್ಲ್ಯಾನಲ್ಲಿ ಎಲೆಕ್ಟಿವ್ ಆಗಿಯೂ ಕೂರಲ್ಲ ಅಂದ್ರೆ ಆ ಕ್ರೆಡಿಟ್ ಸರ್ಟಿಫೈ ಆಗಲ್ಲ, ಫೀಸು ನಿಮ್ಮ ಜೇಬಿಂದ. ಕೊನೇ ಸೆಮಿಸ್ಟರ್‌ಗೆ ಮಾತ್ರ ಒಂದು ರಿಯಾಯ್ತಿ ಇದೆ, ಡಿಗ್ರಿಗೆ ಒಂದೆರಡು ಕ್ಲಾಸೇ ಬಾಕಿ ಇದ್ರೆ ಫುಲ್ ಟೈಮ್ ಆಗೋಕೆ ಬೇರೆ ಕ್ಲಾಸು ಸೇರಿಸ್ಕೋಬಹುದು. ಇದನ್ನ ಹಳೇ ಕಾಲೇಜಲ್ಲಿ ಯಾರೂ ಹೇಳ್ಲಿಲ್ಲ, ಇಲ್ಲಿ ಓರಿಯಂಟೇಷನ್ ದಿನವೇ ಹೇಳಿದ್ರು.

ಪಾಸಾದ ಕ್ಲಾಸನ್ನ ಮತ್ತೆ ತಗೊಂಡ್ರೂ ದುಡ್ಡಿಲ್ಲ. ಆದ್ರೆ ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಸಿ ಗ್ರೇಡ್ ಕಡ್ಡಾಯ ಅಂತ ಇದ್ದು ನಿಮಗೆ ಡಿ ಬಂದಿದ್ರೆ ಅದು ಪಾಸ್ ಅಲ್ಲ, ಮತ್ತೆ ತಗೋಬಹುದು, ನರ್ಸಿಂಗಲ್ಲಿ ಇದು ಎಷ್ಟೋ ಜನಕ್ಕೆ ಕೈ ಹಿಡಿದಿದೆ.

ಇಂಡಿಯಾದಲ್ಲಿ ಓದಿ ಬಂದವರು ಇಲ್ಲಿ ಸ್ವಲ್ಪ ಗಮನ ಕೊಡಿ. ಹಿಂದೆ ಎಲ್ಲೆಲ್ಲಿ ಓದಿದೀರೋ ಅಷ್ಟೂ ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಗೆ ಕೊಡ್ಬೇಕು, ಮಿಲಿಟರಿ ಟ್ರೇನಿಂಗಿನ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟೂ ಸೇರಿ. ನಾನು ವಿಟಿಯುನಲ್ಲಿ ಬಿಇ ಮಾಡಿದ್ದು, ಅದರ ಮಾರ್ಕ್ಸ್ ಕಾರ್ಡು ಎಲ್ಲ ಇವ್ಯಾಲ್ಯುಯೇಷನ್‌ಗೆ ಹೋಯ್ತು. ಫಸ್ಟ್ ಇಯರ್ ಕೆಮಿಸ್ಟ್ರಿಯನ್ನ ಇಲ್ಲಿನ ಜನರಲ್ ಕೆಮಿಸ್ಟ್ರಿಗೆ ಸಮ ಅಂತ ಒಪ್ಕೊಂಡ್ರು, ಒಪ್ಕೊಂಡ್ಮೇಲೆ ಅದನ್ನ ಇಲ್ಲಿ ಮತ್ತೆ ಓದೋಕೆ ವಿಎ ದುಡ್ಡು ಕೊಡಲ್ಲ, ಮರ್ತೋಗಿದೆ, ಒಂದ್ಸಲ ರಿವಿಷನ್ ಆಗತ್ತೆ ಅಂದ್ರೂ ಕೊಡಲ್ಲ. ಇದು ನನಗೆ ಸರಿ ಅನ್ಸತ್ತೆ, 36 ತಿಂಗಳು ಅಂದ್ರೆ ಲೆಕ್ಕದ ತಿಂಗಳು, ಹಳೇ ಪಾಠಕ್ಕೆ ಅದನ್ನ ಸುರಿಯೋದು ಬೇಡ.

ಈ ಆಫೀಸಿಗೆ ನಾನು ಪೂರ್ತಿ 5 ಕೊಟ್ಟಿದ್ದಕ್ಕೆ ಕಾರಣ ಒಂದು ಸೆಮಿಸ್ಟರಿನ ಕಥೆ. ಅಕಾಡೆಮಿಕ್ ಅಡ್ವೈಸರ್ ನನಗೆ ಫಾಲ್‌ಗೆ, ಅಂದ್ರೆ ಆಗಸ್ಟಿಂದ ಡಿಸೆಂಬರ್‌ವರೆಗಿನ ಸೆಮಿಸ್ಟರ್‌ಗೆ, 12 ಕ್ರೆಡಿಟ್ ಹಾಕಿಕೊಟ್ಟಿದ್ರು, 6 ಕ್ರೆಡಿಟ್ 16 ವಾರದ್ದು, ಇನ್ನು 6 ಮೊದಲ 8 ವಾರದಲ್ಲೇ ಮುಗಿಯೋ ಕ್ಲಾಸುಗಳು. ಒಟ್ಟು 12, ಫುಲ್ ಟೈಮು, ಎಲ್ಲ ಸರಿ ಇದೆ ಅಂತ ಯಾರಿಗಾದ್ರೂ ಅನ್ಸತ್ತೆ. ಸರ್ಟಿಫೈ ಮಾಡೋ ಮೇಡಂ ಅದನ್ನ ನೋಡಿ ನನ್ನ ಕೂರಿಸ್ಕೊಂಡು ಒಂದು ಕಾಗದದ ಮೇಲೆ ಉದ್ದಕ್ಕೆ ಗೆರೆ ಎಳೆದು ಮಧ್ಯಕ್ಕೆ ಅಕ್ಟೋಬರ್ ಅಂತ ಬರೆದ್ರು. ವಿಎ ಸೆಮಿಸ್ಟರಿನ ಟೋಟಲ್ ನೋಡಲ್ಲ, ಆಯಾ ದಿನ ಎಷ್ಟು ಕ್ಲಾಸು ನಡೀತಿದೆ ಅಂತ ನೋಡತ್ತೆ. ಅಕ್ಟೋಬರ್ ಮಧ್ಯದಿಂದ ನನ್ನ ಹತ್ರ ಉಳಿಯೋದು 6 ಕ್ರೆಡಿಟ್ ಮಾತ್ರ, 12ಕ್ಕೆ 6 ಅಂದ್ರೆ 50 ಪರ್ಸೆಂಟ್, ಹೌಸಿಂಗ್ ಬರ್ಬೇಕು ಅಂದ್ರೆ 50 ದಾಟ್ಬೇಕು. ಅಂದ್ರೆ ಸೆಮಿಸ್ಟರ್ ಮುಗಿಯೋವರೆಗೂ ಬಾಡಿಗೆ ದುಡ್ಡು ಸೊನ್ನೆ! ಪರಿಹಾರನೂ ಅಲ್ಲೇ ಹೇಳಿದ್ರು, ಒಂದು 3 ಕ್ರೆಡಿಟ್ ಕ್ಲಾಸನ್ನ ಎರಡನೇ 8 ವಾರಕ್ಕೆ ಹಾಕಿಸ್ಕೊಳ್ಳಿ ಅಂತ. ಕಮ್ಮಿ ವಾರದಲ್ಲಿ ಮುಗಿಯೋ ಕ್ಲಾಸಿಗೆ ತೂಕ ಜಾಸ್ತಿ, ಹಾಗಾಗಿ 8 ವಾರದ 3 ಕ್ರೆಡಿಟ್ಟು ವಿಎ ಲೆಕ್ಕದಲ್ಲಿ 6.75 ಆಗತ್ತೆ, 6 ಸೇರಿಸಿದ್ರೆ 12.75, ಎರಡೂ ಅರ್ಧದಲ್ಲಿ ಫುಲ್ ಟೈಮ್. ಹತ್ತು ನಿಮಿಷದ ಕೆಲಸ, ನನ್ನ ಎರಡು ತಿಂಗಳ ಬಾಡಿಗೆ ಉಳೀತು. ನಾನು ಕೇಳಿರಲೂ ಇಲ್ಲ, ಅವ್ರಾಗೇ ಕರೆದು ಹೇಳಿದ್ದು, ಇದನ್ನ ನಾನು ಮರೆಯಲ್ಲ.

ಹೌಸಿಂಗ್ ಬಗ್ಗೆ ಇನ್ನೆರಡು ಮಾತು. ಎಲ್ಲ ಕ್ಲಾಸೂ ಆನ್‌ಲೈನ್ ಆದ್ರೆ ದೇಶದ ಸರಾಸರಿಯ ಅರ್ಧ ಮಾತ್ರ ಸಿಗತ್ತೆ, ಒಂದಾದ್ರೂ ಕ್ಲಾಸಿಗೆ ಕ್ಯಾಂಪಸ್ಸಿಗೆ ಹೋಗ್ತಿದ್ರೆ ಆ ಊರಿನ ರೇಟು, ಬೋಸ್ಟನ್ನು ಸ್ಯಾನ್ ಫ್ರಾನ್ಸಿಸ್ಕೋ ತರ ಊರಲ್ಲಿ ಇದು ಭಾರೀ ವ್ಯತ್ಯಾಸ. ಮತ್ತೆ ಎರಡು ಸೆಮಿಸ್ಟರ್ ನಡುವಿನ ರಜೆಗೆ ದುಡ್ಡಿಲ್ಲ, ಡಿಸೆಂಬರ್‌ನಲ್ಲಿ ಪರೀಕ್ಷೆ ಮುಗಿದ ದಿನಕ್ಕೆ ಲೆಕ್ಕ ನಿಲ್ಲತ್ತೆ, ಜನವರಿಲಿ ಕ್ಲಾಸು ಶುರುವಾದ ದಿನದಿಂದ ಮತ್ತೆ ಶುರು, ಅದೂ ತಿಂಗಳು ಮುಗಿದ ಮೇಲೆ ಕೈಗೆ ಬರೋದು, ಹಾಗಾಗಿ ಆಗಸ್ಟಿಂದಲೇ ಸ್ವಲ್ಪ ಎತ್ತಿಡಿ. ತಿಂಗಳಾ ತಿಂಗಳಾ ವಿಎಯಿಂದ ಮೆಸೇಜ್ ಬರತ್ತೆ, ಇನ್ನೂ ಓದ್ತಿದೀರಾ ಅಂತ, ಅದಕ್ಕೆ ಉತ್ತರ ಕೊಡಿ, ಸತತ ಎರಡು ತಿಂಗಳು ಬಿಟ್ರೆ ಹೌಸಿಂಗ್ ತಡೆಹಿಡೀತಾರೆ.

ಕ್ಲಾಸ್ ಡ್ರಾಪ್ ಮಾಡೋ ವಿಷಯ ಇನ್ನೂ ಸೂಕ್ಷ್ಮ. ಆಡ್-ಡ್ರಾಪ್ ಗಡುವು (ಸೆಮಿಸ್ಟರ್ ಶುರುವಲ್ಲಿ ಕ್ಲಾಸು ಸೇರಿಸೋಕೆ, ಬಿಡೋಕೆ ಕೊಡೋ ದಿನಗಳು) ಮುಗಿದ ಮೇಲೆ ಬಿಟ್ರೆ, ಕಾಯಿಲೆ, ಮನೆಲಿ ಸಾವು ಇಂಥ ಗಟ್ಟಿ ಕಾರಣ ಇಲ್ಲ ಅಂದ್ರೆ, ಆ ಕ್ಲಾಸಿನ ದುಡ್ಡು ಮೊದಲ ದಿನದಿಂದ ವಾಪಸ್ ಕಟ್ಬೇಕು. ಫೀಸಿನ ಭಾಗ ವಿಎ ಈಗ ಕಾಲೇಜಿಂದ ವಸೂಲಿ ಮಾಡತ್ತೆ, ಕಾಲೇಜು ನಿಮಗೆ ಬಿಲ್ ಕಳ್ಸತ್ತೆ, ಹೌಸಿಂಗ್ ಮತ್ತು ಪುಸ್ತಕದ್ದು ಸೀದಾ ನಿಮ್ಮ ಸಾಲ. ಮೊದಲ ಸಲ 6 ಕ್ರೆಡಿಟ್‌ವರೆಗೆ ಕಾರಣ ಕೇಳದೆ ಬಿಡ್ತಾರೆ, ಅದು ಜೀವನದಲ್ಲಿ ಒಂದೇ ಸಲ. ಜನಕ್ಕೆ ಆಶ್ಚರ್ಯ ಆಗೋದು ಏನಂದ್ರೆ ಕೊನೇವರೆಗೂ ಕೂತು ಬರೆದು ಎಫ್ ಬಂದ್ರೆ ವಿಎ ದುಡ್ಡು ವಾಪಸ್ ಕೇಳಲ್ಲ, ಆದ್ರೆ ಮಧ್ಯದಲ್ಲಿ ಹೋಗೋದು ನಿಲ್ಸಿ ಎಫ್ ಬಂದ್ರೆ ಕೇಳತ್ತೆ. ನನ್ನ ಜೊತೆಗೊಬ್ಬ ಮರೀನ್ ಇದ್ದ, ಮೈಕ್ರೋಬಯಾಲಜಿ ತಲೆಗೆ ಹತ್ತದೆ ಬಿಟ್ಟುಬಿಡ್ತೀನಿ ಅಂತಿದ್ದ, ನಮ್ಮ ಮೇಡಂ ಅವನಿಗೆ ಇದನ್ನ ಬಿಡಿಸಿ ಹೇಳಿ ಟ್ಯೂಟರಿಂಗ್‌ಗೆ ಕಳ್ಸಿದ್ರು, ಅವನು ಬಿ ತಗೊಂಡ.

ಹಳೇ ಕಾಲೇಜಿಗೆ ಯಾಕೆ 2 ಅಂದ್ರೆ, ಅಲ್ಲಿ ನನ್ನ ಪೇಪರ್ ಟೈಮಿಗೆ ಸರ್ಟಿಫೈ ಮಾಡ್ಲಿಲ್ಲ, ವಿಎ ದುಡ್ಡು ತಡ ಆಯ್ತು, ಅಷ್ಟರಲ್ಲಿ ನನ್ನ ಅಕೌಂಟಿಗೆ ಲೇಟ್ ಫೀ ಹಾಕಿ ರಿಜಿಸ್ಟ್ರೇಷನ್‌ಗೆ ಹೋಲ್ಡ್ ಹಾಕಿದ್ರು. ಇದು ಕಾನೂನಿಗೇ ವಿರುದ್ಧ. 2018ರ ವೆಟರನ್ಸ್ ಬೆನಿಫಿಟ್ಸ್ ಅಂಡ್ ಟ್ರಾನ್ಸಿಷನ್ ಆಕ್ಟ್ ಸೆಕ್ಷನ್ 103 ಪ್ರಕಾರ, ನೀವು ಸರ್ಟಿಫಿಕೇಟ್ ಆಫ್ ಎಲಿಜಿಬಿಲಿಟಿ (ನಿಮಗೆ ಎಷ್ಟು ಪರ್ಸೆಂಟ್ ಬೆನಿಫಿಟ್ ಇದೆ ಅಂತ ವಿಎ ಕೊಡೋ ಪತ್ರ) ಕೊಟ್ಟಿದ್ರೆ ಸಾಕು, ವಿಎ ದುಡ್ಡು ತಡ ಆಯ್ತು ಅಂತ ಕಾಲೇಜು ನಿಮಗೆ ದಂಡ ಹಾಕೋ ಹಾಗಿಲ್ಲ, ಕ್ಲಾಸು ಲೈಬ್ರರಿ ತಡೆಯೋ ಹಾಗಿಲ್ಲ, ಸಾಲ ತಗೊಂಡು ಕಟ್ಟು ಅನ್ನೋ ಹಾಗೂ ಇಲ್ಲ. ಫೀಸು ಸರ್ಟಿಫೈ ಮಾಡಿದ ಮೇಲೆ 90 ದಿನದವರೆಗೂ ಈ ರಕ್ಷಣೆ ಇದೆ. ಆ ಪುಟ ಪ್ರಿಂಟ್ ತೆಗೆದು ಕ್ಯಾಷಿಯರ್ ಆಫೀಸಲ್ಲಿ ಇಟ್ಟ ಮೇಲೆ ದಂಡ ತೆಗೆದ್ರು, ಆದ್ರೆ ಅಷ್ಟರಲ್ಲಿ ನನಗೆ ಬೇಕಿದ್ದ ಅನಾಟಮಿ ಲ್ಯಾಬ್ ತುಂಬೋಗಿತ್ತು. ದೇಶಕ್ಕೆ ದುಡಿದು ಬಂದವರನ್ನ ಸಾಲಗಾರರ ತರ ನಿಲ್ಲಿಸಿದ್ದು ನನಗೆ ಇವತ್ತಿಗೂ ಬೇಜಾರಿದೆ. ಒಂದು ವಿಷಯ ಗಮನ ಇರ್ಲಿ, ನಿಮಗೆ 60 ಪರ್ಸೆಂಟ್ ಎಲಿಜಿಬಿಲಿಟಿ ಇದ್ರೆ ಉಳಿದ 40 ಪರ್ಸೆಂಟ್ ನೀವು ಟೈಮಿಗೆ ಕಟ್ಲೇಬೇಕು, ಅದಕ್ಕೆ ಈ ರಕ್ಷಣೆ ಇಲ್ಲ.

ಅಪ್ಪನೋ ಅಮ್ಮನೋ ಟ್ರಾನ್ಸ್‌ಫರ್ ಮಾಡಿದ ಬೆನಿಫಿಟ್ಟಲ್ಲಿ ಓದೋ ಮಕ್ಕಳಿಗೂ ಕ್ಲಾಸಿನ ರೂಲ್ಸ್ ಇವೇ. ಟ್ರಾನ್ಸ್‌ಫರ್ ಮಾತ್ರ ಸರ್ವಿಸಲ್ಲಿ ಇರುವಾಗಲೇ ಮಾಡ್ಬೇಕು, ಸಾಮಾನ್ಯವಾಗಿ 6 ವರ್ಷ ಮುಗಿದಿರ್ಬೇಕು, ಮುಂದೆ 4 ವರ್ಷ ಇರ್ತೀನಿ ಅಂತ ಒಪ್ಕೋಬೇಕು, ಆಚೆ ಬಂದ್ಮೇಲೆ ಎಷ್ಟು ಕೇಳಿದ್ರೂ ಆಗಲ್ಲ. ಸರ್ವಿಸಲ್ಲಿ ಇರೋರ ಹೆಂಡತಿ ಅಥವಾ ಗಂಡ ಓದಿದ್ರೆ ಹೌಸಿಂಗ್ ಬರಲ್ಲ, ಮಕ್ಕಳಿಗೆ ಬರತ್ತೆ.

ಕಾಲೇಜು ಸೇರೋಕೆ ಮುಂಚೆ ಆ ವೆಟರನ್ಸ್ ಆಫೀಸಿಗೆ ಒಂದು ಫೋನ್ ಮಾಡಿ. ಸೆಮಿಸ್ಟರ್ ಶುರುವಾಗೋಕೆ ಎಷ್ಟು ದಿನ ಮುಂಚೆ ಸರ್ಟಿಫೈ ಮಾಡ್ತೀರ, ಸರ್ಟಿಫೈ ಮಾಡೋರು ಎಷ್ಟು ಜನ ಇದೀರ, ನಾನು ಶೆಡ್ಯೂಲ್ ಬದಲಾಯಿಸಿದ್ರೆ ನಿಮಗೆ ಹೇಗೆ ತಿಳಿಸ್ಬೇಕು ಅಂತ ಕೇಳಿ, ಉತ್ತರ ತಡವರಿಸಿದ್ರೆ ಬೇರೆ ಕಾಲೇಜೂ ನೋಡಿ. ವಿಎ ಸೈಟಲ್ಲಿ ಜಿಐ ಬಿಲ್ ಕಂಪ್ಯಾರಿಸನ್ ಟೂಲ್ ಅಂತ ಇದೆ, ಕಾಲೇಜಿನ ಹೆಸ್ರು ಹಾಕಿದ್ರೆ ಅಲ್ಲಿ ಜಿಐ ಬಿಲ್ಲಲ್ಲಿ ಎಷ್ಟು ಜನ ಓದ್ತಿದಾರೆ, ಎಷ್ಟು ಕಂಪ್ಲೇಂಟ್ ಬಂದಿದೆ, ನಿಮಗೆ ಅಂದಾಜು ಎಷ್ಟು ಸಿಗತ್ತೆ ಎಲ್ಲ ತೋರ್ಸತ್ತೆ, ಅಪ್ಲಿಕೇಷನ್ ಫೀ ಕಟ್ಟೋ ಮೊದ್ಲು ಅದನ್ನ ನೋಡ್ಕೊಳ್ಳಿ.