ಆರೈಕೆ ಕೇಂದ್ರದಲ್ಲಿ ನಾಲ್ಕನೇ ವರ್ಷ: ಹಗಲಿಗೊಂದು ಅಂಕ, ರಾತ್ರಿಗೊಂದು ಅಂಕ

ಐದಕ್ಕೆ ಮೂರು. ಹಗಲನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಮರೆವಿನ ಕಾಯಿಲೆ, ಸಕ್ಕರೆ ಕಾಯಿಲೆ ಎರಡೂ ಇರುವ ನಮ್ಮ ಅತ್ತೆಯವರು ಬೆಂಗಳೂರಿನ ಹೊರವಲಯದ ಈ ಖಾಸಗಿ ಕೇಂದ್ರದಲ್ಲಿದ್ದಾರೆ. ಇಬ್ಬರಿಗೊಂದು ಕೋಣೆ, ತಿಂಗಳಿಗೆ 40,000 ರೂಪಾಯಿಯ ಆಸುಪಾಸು. ಡೈಪರ್, ಔಷಧಿ, ರಕ್ತಪರೀಕ್ಷೆ ಬೇರೆ. ಕೇಂದ್ರದ ಹೆಸರು ಬರೆಯುವುದಿಲ್ಲ. ಅತ್ತೆ ಇನ್ನೂ ಅವರ ಕೈಯಲ್ಲೇ ಇದ್ದಾರೆ.

ಮೊದಲು ಹಗಲಿನ ಮಾತು. ಬಚ್ಚಲು ಚೆನ್ನಾಗಿದೆ: ಹೊಸ್ತಿಲಿಲ್ಲ, ಜಾರದ ನೆಲಹಾಸು, ಎತ್ತರದ ಕಮೋಡು, ಕೈಗೆ ಸಿಗುವ ಕಡೆ ಹಿಡಿಕೆ. ಗೀಸರ್ ನೀರನ್ನು ಸಿಬ್ಬಂದಿಯೇ ಹದ ಮಾಡಿ ಕೊಡುತ್ತಾರೆ. ಪಾದದಲ್ಲಿ ಸ್ಪರ್ಶವೇ ಇಲ್ಲದ ಮಧುಮೇಹಿಗಳಿಗೆ ಇದು ಸಣ್ಣ ವಿಷಯವಲ್ಲ. ವಾರಕ್ಕೊಮ್ಮೆ ಕಾಲ್ಬೆರಳ ಸಂದುಗಳನ್ನು ನೋಡಿ ಬರೆದಿಡುತ್ತಾರೆ. ನುಂಗಲು ತೊಡಕಿರುವವರಿಗೆ ಅನ್ನವನ್ನು ಮೆತ್ತಗೆ ಕಲಸಿ, ಕೂರಿಸಿಯೇ ತಿನ್ನಿಸುತ್ತಾರೆ. ಮಲಗಿಸಿ ಬಾಯಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ಅಡುಗೆ ಭಟ್ಟರ ಸಾರಿನ ಬಗ್ಗೆ ಅತ್ತೆಯವರಿಗೆ ದೂರಿದೆ, ಆದರೆ ಅವರಿಗೆ ನನ್ನ ಸಾರಿನ ಬಗ್ಗೆಯೂ ಇತ್ತು.

ಸಂಜೆ ಏಳಕ್ಕೆ ಪಾಳಿ ಬದಲಾಗುತ್ತದೆ. ಹಗಲಿನಲ್ಲಿ ನಾಲ್ಕೈದು ಜನರಿಗೆ ಒಬ್ಬ ಆಯಾ ಇದ್ದರೆ, ರಾತ್ರಿ ಇಡೀ ಮಹಡಿಗೆ ಒಬ್ಬರೇ. ಎರಡು ಮಹಡಿಗೆ ಸೇರಿ ಒಬ್ಬ ನರ್ಸ್. ಮರೆವಿನ ಕಾಯಿಲೆಯವರಿಗೆ ಕಷ್ಟ ಶುರುವಾಗುವುದೇ ಹೊತ್ತು ಮುಳುಗಿದ ಮೇಲೆ. ಚಡಪಡಿಕೆ ಹೆಚ್ಚುತ್ತದೆ, ಊರಿಗೆ ಹೋಗಬೇಕೆಂದು ಎದ್ದು ನಿಲ್ಲುತ್ತಾರೆ, ಬಚ್ಚಲಿಗೆ ಒಬ್ಬರೇ ಹೊರಡುತ್ತಾರೆ. ಅತ್ತೆ ಬಿದ್ದು ಹಣೆಗೆ ಹೊಲಿಗೆ ಬಿದ್ದದ್ದೂ ಹೀಗೆಯೇ, ನಡುರಾತ್ರಿಯಲ್ಲಿ. ಆ ರಾತ್ರಿ ಇದ್ದ ಹುಡುಗಿ ಹೊರರಾಜ್ಯದವಳು, ಒಳ್ಳೆಯವಳು, ಕನ್ನಡ ಬಾರದವಳು. ಅತ್ತೆಗೆ ಈಗ ಉಳಿದಿರುವುದು ಕನ್ನಡ ಮಾತ್ರ. ಅವರು ಕರೆದದ್ದು ಅವಳಿಗೆ ಕೇಳಿಸಿದೆ, ಏಕೆಂದು ತಿಳಿದಿಲ್ಲ. ಮರುದಿನ ಘಟನೆಯ ಪುಸ್ತಕ ತೆಗೆಸಿದೆ. ‘ಜಾರಿ ಬಿದ್ದರು’ ಎಂಬುದಷ್ಟೇ ಇತ್ತು. ಸಮಯವಿಲ್ಲ, ಯಾರು ನೋಡಿದರೆಂದಿಲ್ಲ, ವೈದ್ಯರಿಗೆ ಯಾವಾಗ ತಿಳಿಸಿದರೆಂದಿಲ್ಲ. ಪಟ್ಟು ಹಿಡಿದ ಮೇಲೆ ಹಾಸಿಗೆ ಪಕ್ಕದಲ್ಲಿ ಕರೆಗಂಟೆ ಮತ್ತು ಮಂಕು ದೀಪ ಬಂದವು, ಮಲಗುವ ಮೊದಲು ಬಚ್ಚಲಿಗೆ ಕರೆದೊಯ್ಯುವ ಕ್ರಮವೂ ಬಂತು. ಸಿಬ್ಬಂದಿಯ ಸಂಖ್ಯೆ ಹೆಚ್ಚಲಿಲ್ಲ.

ಇನ್ನೊಂದು ಸಂಗತಿ ನನಗೆ ತಿಳಿದದ್ದು ಔಷಧಿ ಬಿಲ್ಲಿನಿಂದ. ವೈದ್ಯರು ಕ್ವಿಟಿಯಾಪಿನ್ ಎಂಬ, ಮಂಪರು ತರುವ ಮನೋರೋಗದ ಮಾತ್ರೆಯನ್ನು ‘ಎಸ್‌ಒಎಸ್’ ಎಂದು, ಅಂದರೆ ತೀರಾ ಅಗತ್ಯ ಬಿದ್ದರೆ ಮಾತ್ರ ಎಂದು ಬರೆದಿದ್ದರು. ಬಿಲ್ಲಿನಲ್ಲಿ ತಿಂಗಳಿಗೆ ಮೂರು ಸ್ಟ್ರಿಪ್. ಪ್ರತಿ ರಾತ್ರಿಯೂ ಅಗತ್ಯ ಬೀಳುತ್ತಿತ್ತೇ, ಅಥವಾ ಒಬ್ಬಳೇ ಇರುವ ಆಯಾಗೆ ಮಹಡಿ ಸದ್ದಿಲ್ಲದೆ ಮಲಗಬೇಕಿತ್ತೇ? ಮರೆವಿನ ಕಾಯಿಲೆಯ ವೃದ್ಧರಲ್ಲಿ ಈ ಗುಂಪಿನ ಔಷಧಿಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿತ್ತು. ಮಂಪರಿನಲ್ಲಿ ಎದ್ದವರು ಬೀಳುವುದೂ ಹೆಚ್ಚು. ಈಗ ಮಾತ್ರೆ ಕೊಟ್ಟ ರಾತ್ರಿ ಕಾರಣ ಬರೆದು, ಬೆಳಿಗ್ಗೆ ನನಗೆ ಸಂದೇಶ ಕಳುಹಿಸಬೇಕೆಂದು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿದ್ದೇನೆ. ಒಂದು ಸ್ಟ್ರಿಪ್ ಎರಡು ತಿಂಗಳು ಬರುತ್ತಿದೆ. ಸೇರಿಸುವ ಮುನ್ನ ಕೇಂದ್ರ ನೋಡಲು ಹೋಗುವವರು ಉದ್ಯಾನ ನೋಡುವ ಬದಲು ಔಷಧಿ ಚೀಟಿ ಮತ್ತು ಬಿಲ್ಲು ಯಾರ ಕೈಗೆ ಹೇಗೆ ಬರುತ್ತವೆ ಎಂದು ಕೇಳುವುದು ಮೇಲು.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಸಹಿ ಹಾಕುವ ಹಾಳೆ ಪಕ್ಕದ ಕೋಣೆಯಲ್ಲಿ ತೂಗುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಸಹಿಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬಿದ್ದಿರುವುದನ್ನು ನೋಡಿದ್ದೇನೆ. ಬೆನ್ನಿನ ಹುಣ್ಣು ಸಹಿ ನೋಡಿ ನಿಲ್ಲುವುದಿಲ್ಲ. ಅಲ್ಲಿ ಏರ್ ಬೆಡ್ ಇದೆ, ಆದರೆ ಏರ್ ಬೆಡ್ ಇದೆಯೆಂದು ಮಗ್ಗುಲು ಬದಲಿಸುವುದನ್ನು ಬಿಡಲಾಗದು.

ಬೆಂಕಿಯ ವಿಷಯದಲ್ಲಿ ಇನ್ನೂ ಜಗಳ ನಡೆದಿದೆ. 2023ರ ಜನವರಿ 1ರ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಶ್ ಬಡಾವಣೆಯ ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. ಆ ಸುದ್ದಿ ಓದಿ ನಮ್ಮಲ್ಲಿನ ಹಿಂಬಾಗಿಲನ್ನು ನೋಡಲು ಹೋದೆ. ಬೀಗ ಹಾಕಿತ್ತು, ಕೀಲಿ ಗೇಟಿನ ಕಾವಲುಗಾರನ ಬಳಿ. ಬೀಗವಿಲ್ಲದಿದ್ದರೆ ದಾರಿ ತಪ್ಪುವವರು ರಸ್ತೆಗಿಳಿಯುತ್ತಾರೆ, ನಿಜ. ಅದಕ್ಕೆ ಒಳಗಿನ ಆಯಾ ಬಳಿಯೂ ಒಂದು ಕೀಲಿ ಇರಲಿ, ಬಾಗಿಲು ತೆರೆದರೆ ಕೂಗುವ ಗಂಟೆ ಇರಲಿ ಎಂದೆ. ಕೀಲಿ ಬಂದಿದೆ. ಗಂಟೆ ‘ಮುಂದಿನ ತಿಂಗಳು’ ಬರುತ್ತಲೇ ಇದೆ.

ಇದನ್ನೆಲ್ಲ ತಪಾಸಣೆ ಮಾಡುವವರಿಲ್ಲವೇ ಎಂದು ಕೇಳಬಹುದು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಹೇಳುವುದು ಮುಖ್ಯವಾಗಿ ಜೀವನಾಂಶದ ಬಗ್ಗೆ, ಮತ್ತು ನಿರ್ಗತಿಕ ಹಿರಿಯರಿಗಾಗಿ ಜಿಲ್ಲೆಗೊಂದರಂತೆ ಕನಿಷ್ಠ 150 ಜನರ ವೃದ್ಧಾಶ್ರಮದ ಬಗ್ಗೆ. ಖಾಸಗಿ ಕೇಂದ್ರಗಳಿಗೂ ನೋಂದಣಿ, ಕನಿಷ್ಠ ಗುಣಮಟ್ಟ ತರಬೇಕೆಂಬ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂತು, ಆ ಲೋಕಸಭೆಯ ಅವಧಿ ಮುಗಿದರೂ ಕಾಯ್ದೆಯಾಗಲಿಲ್ಲ. ದೂರು, ಮಾರ್ಗದರ್ಶನಕ್ಕೆ ಹಿರಿಯರ ಸಹಾಯವಾಣಿ 14567 ಇದೆ. ದಿನದಿನದ ತಪಾಸಣಾಧಿಕಾರಿ ಮಾತ್ರ ಮನೆಯವರೇ. ನಾನು ಹೊತ್ತುಗೊತ್ತು ಹೇಳದೆ ಹೋಗುತ್ತೇನೆ, ಹೆಚ್ಚಾಗಿ ರಾತ್ರಿ ಊಟದ ನಂತರ. ಅದನ್ನು ತಡೆಯುವ ಕೇಂದ್ರವಾಗಿದ್ದರೆ ಅತ್ತೆಯನ್ನು ಎಂದೋ ಕರೆದುಕೊಂಡು ಬಂದಿರುತ್ತಿದ್ದೆ, ಇವರು ತಡೆದಿಲ್ಲ. ಮೂರು ಅಂಕಗಳಲ್ಲಿ ಒಂದು ಅದಕ್ಕೇ ಸಲ್ಲಬೇಕು.

ಏಪ್ರಿಲ್‌ನಿಂದ ಶುಲ್ಕ ಹೆಚ್ಚಿಸುವ ಪತ್ರ ಬಂದಿದೆ. ರಾತ್ರಿಗೆ ಮಹಡಿಗೊಬ್ಬ ನರ್ಸ್, ಅವರಲ್ಲಿ ಒಬ್ಬರಾದರೂ ಕನ್ನಡ ಬಲ್ಲವರು ಎಂದು ಒಪ್ಪಂದದಲ್ಲಿ ಬರೆದುಕೊಟ್ಟರೆ ಹೆಚ್ಚುವರಿ ಹಣ ಕೊಡುತ್ತೇವೆಂದು ಐದು ಕುಟುಂಬಗಳು ಸೇರಿ ಉತ್ತರ ಬರೆದಿದ್ದೇವೆ. ವ್ಯವಸ್ಥಾಪಕರು ಒಂದು ವಾರ ಕೇಳಿದ್ದಾರೆ.