ವಾಸಕ್ಕೊಂದು ವಾಹನ: ಫೋರ್ಸ್ ಟ್ರಾವೆಲರ್ 3350

ಬಾಡಿಗೆ ಮನೆ ಖಾಲಿ ಮಾಡಿ ವಾಹನದಲ್ಲೇ ಕಾಯಂ ಆಗಿ ಇರಬೇಕೆಂದು ನಾನೂ ನನ್ನ ಪತ್ನಿಯೂ ತೀರ್ಮಾನಿಸಿದ ಮೇಲೆ ಕೊಂಡದ್ದು ಫೋರ್ಸ್ ಟ್ರಾವೆಲರ್, ಅಂದರೆ ನಮ್ಮ ಕಡೆ ಎಲ್ಲರೂ ಟಿಟಿ ಎನ್ನುವ ಗಾಡಿಯ 3350 ಮಿ.ಮೀ. ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಮಾದರಿ. ಹದಿನಾಲ್ಕು ತಿಂಗಳಿಂದ ಇದೇ ನಮ್ಮ ಮನೆ. ಇಂಥ ವಾಹನ ದಿನಕ್ಕೆ ಎರಡು ಮೂರು ಗಂಟೆ ಓಡಿದರೆ ಹೆಚ್ಚು. ಮಿಕ್ಕ ಹೊತ್ತೆಲ್ಲ ಅದು ಅಡುಗೆಮನೆ, ಮಲಗುವ ಕೋಣೆ, ಬಟ್ಟೆ ಒಣಹಾಕುವ ಜಾಗ. ಆದ್ದರಿಂದ ಕೊಳ್ಳುವ ಮುಂಚೆ ಅದರೊಳಗೆ ಬದುಕಿ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಹಾಗೆಯೇ ಮಾಡಿದೆವು. ಸೀಟು ಕಳಚಿದ್ದ ಹಳೆಯ ಗಾಡಿಯೊಂದರ ತಳದ ಮೇಲೆ ಹಾಸಿಗೆ, ಒಲೆಯ ಕಟ್ಟೆ, ನೀರಿನ ಟ್ಯಾಂಕುಗಳ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿದೆವು. ಮನೆಯಿಂದ ಒಯ್ದ ಕಾವಲಿಯನ್ನು ಒಂದು ಪೆಟ್ಟಿಗೆಯ ಮೇಲಿಟ್ಟು ಪತ್ನಿ ದೋಸೆ ಹುಯ್ಯುವಂತೆ ಕೈಯಾಡಿಸಿದಳು. ಅವಳ ಬೆನ್ನ ಹಿಂದಿನಿಂದ ಹಾಸಿಗೆಯತ್ತ ದಾಟಲು ಹೋದ ನನಗೆ ಅವಳ ಮೊಣಕೈ ತಗುಲಿತು. ಅಲ್ಲಿಯೇ ಕಟ್ಟೆಯ ಅಗಲವನ್ನು ನಾಲ್ಕು ಇಂಚು ಕಡಿಮೆ ಮಾಡಿದೆವು. 5 ಅಡಿ 8 ಇಂಚು ಎತ್ತರದ ನಾನು ತಲೆ ಬಗ್ಗಿಸದೆ ನಿಲ್ಲಬಲ್ಲೆನೆಂಬುದೂ ಆಗಲೇ ಖಚಿತವಾಯಿತು. ತಳಕ್ಕೆ ಹಲಗೆ, ಚಾವಣಿಗೆ ಬಿಸಿಲು ತಡೆಯುವ ಹಾಸು ಹಾಕಿದಾಗ ಒಂದೆರಡು ಇಂಚು ಕಳೆದುಹೋಗುತ್ತದೆ. ಅದನ್ನು ಮೊದಲೇ ಲೆಕ್ಕಹಾಕಿಕೊಳ್ಳಬೇಕು, ಏಕೆಂದರೆ ತಿಂಗಳುಗಟ್ಟಲೆ ಬಗ್ಗಿಕೊಂಡೇ ಅಡುಗೆ ಮಾಡಲು ಯಾರಿಂದಲೂ ಆಗುವುದಿಲ್ಲ.

ಇದರ ಬದಲು ಹಳೆಯ ಬಸ್ಸು ಕೊಂಡರೆ ಜಾಗ ಧಾರಾಳ. ಆದರೆ ಒಟ್ಟು ತೂಕ 7,500 ಕೆ.ಜಿ. ಮೀರಿದರೆ ಕಾರಿನ ಲೈಸೆನ್ಸ್ ಸಾಲದು. ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಭಾರಿ ವಾಹನಗಳಿಗೆ ಆಗಾಗ ನಿರ್ಬಂಧವೂ ಬೀಳುತ್ತದೆ. ಫೋರ್ಸ್ ಕಂಪನಿಯದೇ ಆದ, 2022ರಲ್ಲಿ ಬಂದ ಅರ್ಬೇನಿಯಾ ವ್ಯಾನಿನ ಸವಾರಿ ಹಿತವಾಗಿದೆ, ಬೆಲೆ ನಮ್ಮ ಕೈಗೆ ಎಟುಕಲಿಲ್ಲ.

ಟ್ರಾವೆಲರ್‌ನ 2,596 ಸಿ.ಸಿ. ಡೀಸೆಲ್ ಎಂಜಿನ್ನಿಗೆ ಭಾರ ಹೊತ್ತು ಘಾಟಿ ಹತ್ತುವ ತ್ರಾಣವಿದೆ. ನನಗೆ ಅದಕ್ಕಿಂತ ಮುಖ್ಯವಾದದ್ದು, ಮದುವೆ ದಿಬ್ಬಣಕ್ಕೂ ಶಬರಿಮಲೆ ಯಾತ್ರೆಗೂ ಆಂಬುಲೆನ್ಸಿಗೂ ಇದೇ ಗಾಡಿ ಓಡುವುದರಿಂದ ತಾಲ್ಲೂಕು ಕೇಂದ್ರದ ಗ್ಯಾರೇಜಿನವರಿಗೂ ಇದರ ಒಳಹೊರಗು ತಿಳಿದಿರುತ್ತದೆ ಎಂಬುದು. ಗಾಡಿ ಗ್ಯಾರೇಜಿನಲ್ಲಿ ನಿಂತರೆ ಆ ರಾತ್ರಿ ನಮಗೆ ಮನೆಯಿಲ್ಲ.

ಗಾಡಿಗಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಒಳಗೆ ಕಟ್ಟಿಸುವ ಕೆಲಸದಲ್ಲಿ. ನಮಗೆ ಕೆಲಸ ಮಾಡಿಕೊಟ್ಟ ವರ್ಕ್‌ಶಾಪಿನವರು 150 ಲೀಟರಿನ ಟ್ಯಾಂಕನ್ನು ಹಿಂಬಾಗಿಲಿನ ಬಳಿ, ಹಿಂದಿನ ಆಕ್ಸಲ್‌ನಿಂದ, ಅಂದರೆ ಹಿಂಚಕ್ರಗಳ ಅಚ್ಚಿನಿಂದ, ಆಚೆಗೆ ಕೂರಿಸಿದ್ದರು. ಮೊದಲ ಸಲ ನೀರು ತುಂಬಿಸಿ ಹೊರಟ ದಿನವೇ ಹಿಂಭಾಗ ಜಗ್ಗಿ, ಮುಂದಿನ ಚಕ್ರಗಳ ಮೇಲಿನ ಭಾರ ತಗ್ಗಿ, ಸ್ಟೀರಿಂಗ್ ಹಗುರಾಯಿತು. ತಿರುವಿನಲ್ಲಿ ಗಾಡಿ ನಾನು ಎಣಿಸಿದ್ದಕ್ಕಿಂತ ಹೊರಕ್ಕೆ ಸರಿಯಿತು. ಅಂದು ನಿಜವಾಗಿಯೂ ಹೆದರಿದೆ. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಮುಂದಿನ ಆಕ್ಸಲ್ ಒಮ್ಮೆ, ಹಿಂದಿನದು ಒಮ್ಮೆ ಬೇರೆಬೇರೆಯಾಗಿ ತೂಗಿಸಿದಾಗ ತಪ್ಪು ಅಂಕಿಯಲ್ಲೇ ಕಂಡಿತು. ಬೇರೊಬ್ಬ ಮೇಸ್ತ್ರಿ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಡುವೆ, ತಳಕ್ಕೆ ತಾಗುವಂತೆ ಕೂರಿಸಿದ ಮೇಲೆ ಓಟ ಸರಿಹೋಯಿತು. ನೀರು, ಪಾತ್ರೆ, ಅಕ್ಕಿ, ಬಟ್ಟೆ ಎಲ್ಲವನ್ನೂ ತುಂಬಿಸಿ ಹೀಗೆ ತೂಗಿಸದೆ ಯಾರೂ ಘಾಟಿ ಇಳಿಯಬಾರದು.

ವಿದ್ಯುತ್ತಿಗೆ 12.8 ವೋಲ್ಟಿನ, 200 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇದೆ. ಲೆಕ್ಕಕ್ಕೆ ಎರಡೂವರೆ ಯೂನಿಟ್. ಫ್ಯಾನು, ದೀಪ, ಸಣ್ಣ ಫ್ರಿಜ್ಜಿಗೆ ಸಾಕು, ಇಂಡಕ್ಷನ್ ಒಲೆಗೆ ಸಾಲದು, ಅಡುಗೆ ಗ್ಯಾಸಿನಲ್ಲೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಬೇಕು. ಮೊಳೆ ಹೊಡೆಯುವ ಮೊದಲೇ ಅಲ್ಲಿ ವಿಚಾರಿಸಿಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಇದೇ ಬಗೆಯ ಇನ್ನೊಂದು ವ್ಯಾನ್ ಟಾಟಾ ವಿಂಗರ್ ಟ್ರಾವೆಲರ್‌ಗಿಂತ ಮೇಲು. ಅದು ಮುಂದಿನ ಚಕ್ರಗಳಿಂದ ಎಳೆಯುವ ಗಾಡಿಯಾದ್ದರಿಂದ ಅದರ ತಳ ನೆಲಕ್ಕೆ ಹತ್ತಿರ. ಮೆಟ್ಟಿಲು ಹತ್ತಿಳಿಯುವುದು ದಿನಕ್ಕೆ ಮೂವತ್ತು ಸಲವಾದರೂ ಆಗುತ್ತದೆ. ಮೊಣಕಾಲು ನೋವಿರುವವರು ಎರಡನ್ನೂ ಹತ್ತಿಳಿದು ನೋಡಿಯೇ ಮುಂಗಡ ಕೊಡಲಿ.