ಐರ್ಲೆಂಡಿನ ಸರ್ಕಾರಿ ವಂಶಾವಳಿ ತಾಣ: ದತ್ತು ಹೋದವರ ಮಕ್ಕಳಿಗೆ ಎಷ್ಟು ಉಪಯೋಗ?

ಐರಿಶ್‌ಜೀನಿಯಾಲಜಿ ಡಾಟ್ ಐಇ ಐರ್ಲೆಂಡ್ ಸರ್ಕಾರವೇ ನಡೆಸುವ ತಾಣ. ಚಂದಾ ಇಲ್ಲ, ಶುಲ್ಕವಿಲ್ಲ. ಜನನ, ಮದುವೆ, ಮರಣ ನೋಂದಣಿ ಪುಸ್ತಕದ ಮೂಲ ಪುಟವನ್ನೇ ತೆರೆದು ತೋರಿಸುತ್ತದೆ. ಇಷ್ಟು ಒಳ್ಳೆಯ ಉಚಿತ ತಾಣ ಅಪರೂಪ. ಆದರೂ ಅಪ್ಪನೋ ಅಮ್ಮನೋ ದತ್ತು ಹೋದವರಾಗಿದ್ದರೆ ಹುಡುಕಾಟವನ್ನು ಇಲ್ಲಿಂದ ಶುರು ಮಾಡಬೇಡಿ. ಇಲ್ಲಿ ಹುಡುಕುವುದು ಹೆಸರು ಹಿಡಿದು. ನಿಮ್ಮ ಕೈಯಲ್ಲಿರುವುದು ಸಾಕಿದವರ ಹೆಸರು.

ಮೊದಲು ಹೆತ್ತ ಅಜ್ಜಿಯ ಹೆಸರು ಸಿಗಬೇಕು. 2022ರ ಜನನ ಮಾಹಿತಿ ಮತ್ತು ಪತ್ತೆ ಕಾಯ್ದೆಯಿಂದ ಆ ಬಾಗಿಲು ತೆರೆದಿದೆ. ದತ್ತು ಹೋದವರು ದತ್ತು ಪ್ರಾಧಿಕಾರಕ್ಕೋ ಮಕ್ಕಳ ಮತ್ತು ಕುಟುಂಬಗಳ ಸರ್ಕಾರಿ ಸಂಸ್ಥೆ ಟುಸ್ಲಾಗೋ ಅರ್ಜಿ ಹಾಕಿ ತಮ್ಮ ಮೂಲ ಜನನ ಪ್ರಮಾಣಪತ್ರ ಪಡೆಯಬಹುದು. ಹೆತ್ತವರು ಸಂಪರ್ಕ ಬೇಡವೆಂದು ಬರೆಸಿದ್ದರೂ ಪ್ರಮಾಣಪತ್ರ ತಡೆಯುವಂತಿಲ್ಲ. ಕೊಡುವ ಮುನ್ನ ಅರ್ಜಿದಾರರ ಜೊತೆ ಒಮ್ಮೆ ಮಾತಾಡುತ್ತಾರೆ, ಅಷ್ಟೆ. ಅಪ್ಪ ಅಮ್ಮ ಬದುಕಿದ್ದರೆ ಅರ್ಜಿ ಅವರ ಹೆಸರಲ್ಲೇ ಹೋಗಲಿ. ಉತ್ತರ ಐರ್ಲೆಂಡಿಗೆ ಈ ಕಾಯ್ದೆ ಅನ್ವಯಿಸದು.

ಪ್ರಮಾಣಪತ್ರ ಬಂದ ಕೂಡಲೇ ಬಹಳಷ್ಟು ಜನ ಎಡವುವುದು ಹುಟ್ಟಿದ ಊರಿನ ಕಾಲಮ್ಮಿನಲ್ಲಿ. ಮದುವೆಯಾಗದ ತಾಯಂದಿರನ್ನು ಇರಿಸುತ್ತಿದ್ದ ಟಿಪ್ಪರರಿಯ ಶಾನ್ ರಾಸ್ ಅಬ್ಬೆಯಲ್ಲೋ ಕಾರ್ಕಿನ ಬೆಸ್‌ಬರೋದಲ್ಲೋ ಮಗು ಹುಟ್ಟಿದ್ದರೆ ನೋಂದಣಿಯೂ ಅಲ್ಲಿನದೇ. ಅಜ್ಜಿಯ ತವರು ಮತ್ತೊಂದು ಕೌಂಟಿಯೇ ಇರಬಹುದು. ಹಾಗಾಗಿ ಜಿಲ್ಲೆಯ ಆಯ್ಕೆಯನ್ನು ಖಾಲಿ ಬಿಟ್ಟು ಹುಡುಕಿ.

ಎರಡನೇ ತೊಡಕು ವರ್ಷಗಳದು. ತಾಣದಲ್ಲಿ ಸಿಗುವುದು 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣ. 1932ರಲ್ಲಿ ಹುಟ್ಟಿದ ಅಜ್ಜಿ ಇದರಲ್ಲಿ ಇರುವುದಿಲ್ಲ. ಆಕೆಯ ಜನನ ದಾಖಲೆಯ ಪ್ರತಿಯನ್ನು ನೋಂದಣಿ ಕಚೇರಿಯಿಂದ ತರಿಸಬೇಕು. ಸಂಶೋಧನೆಗೆಂದು ಕೊಡುವ 5 ಯೂರೊ ಪ್ರತಿ ಸಾಕು, 20 ಯೂರೊ ಪ್ರಮಾಣಪತ್ರ ಬೇಡ. ಅದರಲ್ಲಿ ಅವಳ ಅಪ್ಪ ಅಮ್ಮನ ಹೆಸರಿರುತ್ತದೆ. ಅವರ ಮದುವೆ ತಾಣದಲ್ಲಿ ಸಿಗುತ್ತದೆ. ತಾಣದ ನಿಜವಾದ ಬೆಲೆ ಗೊತ್ತಾಗುವುದು ಇಲ್ಲಿಂದಲೇ.

ಪಟ್ಟಿಯ ಸಾಲಿಗೆ ತೃಪ್ತರಾಗದೆ ಚಿತ್ರ ತೆರೆಯಿರಿ. ಮದುವೆಯ ಪುಟದಲ್ಲಿ ಗಂಡು ಹೆಣ್ಣು ಇಬ್ಬರ ತಂದೆಯರ ಹೆಸರು, ಕಸುಬು, ಮನೆಯಿದ್ದ ಟೌನ್‌ಲ್ಯಾಂಡ್, ಸಾಕ್ಷಿಗಳ ಹೆಸರು ಎಲ್ಲವೂ ಇರುತ್ತದೆ. ಟೌನ್‌ಲ್ಯಾಂಡ್ ಎಂದರೆ ಊರಿಗಿಂತ ಚಿಕ್ಕ ಭೂಭಾಗ, ಉತ್ತರ ಐರ್ಲೆಂಡೂ ಸೇರಿ ಇಡೀ ದ್ವೀಪದಲ್ಲಿ 60,000ಕ್ಕೂ ಹೆಚ್ಚು. ಹತ್ತು ಮೇರಿ ಮರ್ಫಿಯರಲ್ಲಿ ನಿಮ್ಮವಳನ್ನು ಗುರುತಿಸಿಕೊಡುವುದು ಅದೇ. ರಾಷ್ಟ್ರೀಯ ಪತ್ರಾಗಾರದ 1901 ಮತ್ತು 1911ರ ಉಚಿತ ಜನಗಣತಿಯಲ್ಲಿ ಆ ಟೌನ್‌ಲ್ಯಾಂಡಿನ ಮನೆಗಳನ್ನು ಒಂದೊಂದಾಗಿ ನೋಡಿ. ವಯಸ್ಸನ್ನು ಮಾತ್ರ ನಂಬಬೇಡಿ. 1909ರಿಂದ 70 ದಾಟಿದವರಿಗೆ ಪಿಂಚಣಿ ಸಿಕ್ಕತೊಡಗಿದ್ದರಿಂದ ಹಲವರು ವಯಸ್ಸು ಹೆಚ್ಚಿಸಿ ಬರೆಸಿದರು. ಹತ್ತೇ ವರ್ಷದಲ್ಲಿ ಹದಿನೈದು ವರ್ಷ ದೊಡ್ಡವರಾದವರು ಪುಟಪುಟದಲ್ಲೂ ಸಿಗುತ್ತಾರೆ.

ಕಾಗದವೇ ಸುಳ್ಳಾಗಿದ್ದರೆ ತಾಣವೂ ಕೈಚೆಲ್ಲುತ್ತದೆ. ದತ್ತು ಸಂಸ್ಥೆಯಾಗಿದ್ದ ಸೇಂಟ್ ಪ್ಯಾಟ್ರಿಕ್ಸ್ ಗಿಲ್ಡ್‌ನ ಕಡತಗಳಲ್ಲಿ ಸಾಕಿದವರನ್ನೇ ಹೆತ್ತವರೆಂದು ಬರೆಸಿದ 126 ಪ್ರಕರಣಗಳನ್ನು 2018ರಲ್ಲಿ ಸರ್ಕಾರವೇ ಬಹಿರಂಗಪಡಿಸಿತು. ಅಂಥವರಿಗೆ ಉಳಿಯುವ ದಾರಿ ಡಿಎನ್‌ಎ. ತಂದೆ ತಾಯಿಯ ಜೊಲ್ಲನ್ನೇ ಕಳಿಸಿ. ನಿಮ್ಮಲ್ಲಿರುವುದು ಅವರ ಡಿಎನ್‌ಎಯ ಅರ್ಧ ಮಾತ್ರ. ಡಿಎನ್‌ಎ ಪರೀಕ್ಷೆ ಮಾಡುವ ಆನ್ಸೆಸ್ಟ್ರಿ ಕಂಪನಿಯಲ್ಲೇ ಮೊದಲು ಮಾಡಿಸಿ. ಅದು ಹೊರಗಿನ ಫೈಲ್ ಸ್ವೀಕರಿಸುವುದಿಲ್ಲ, ಅದರ ಫೈಲನ್ನು ಡಿಎನ್‌ಎ ಹೋಲಿಸುವ ತಾಣ ಜೆಡ್‌ಮ್ಯಾಚ್ ಸ್ವೀಕರಿಸುತ್ತದೆ. ಜೊಲ್ಲು ಕೊಡುವ ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬಾರದು, ಕುಡಿಯಬಾರದು. ಕೊಳವೆಯ ಮೇಲಿನ ಗೆರೆ ಮುಟ್ಟಬೇಕಾದದ್ದು ಜೊಲ್ಲು, ನೊರೆಯಲ್ಲ. ಇಬ್ಬರಲ್ಲೂ ಒಂದೇ ಇರುವ ಡಿಎನ್‌ಎಯ ಅಳತೆ ಸೆಂಟಿಮಾರ್ಗನ್. ಫಲಿತಾಂಶದಲ್ಲಿ ಸುಮಾರು 1,750 ಸೆಂಟಿಮಾರ್ಗನ್ ಕಂಡರೆ ಒಂದೇ ತಾಯಿಯ ಅಥವಾ ಒಂದೇ ತಂದೆಯ ಮಕ್ಕಳಿರಬಹುದು. 850ರ ಆಸುಪಾಸು ಬಂದರೆ ಚಿಕ್ಕಪ್ಪ, ಅತ್ತೆ, ಸೋದರಮಾವಂದಿರ ಮಕ್ಕಳ ಕಡೆ ನೋಡಿ. 230 ಇದ್ದರೆ ಇನ್ನೊಂದು ತಲೆಮಾರು ಹಿಂದೆ ಹೋಗಿ, ಆ ಸಂಬಂಧಿಯ ಮುತ್ತಜ್ಜಿಯ ಮದುವೆಯನ್ನು ಇದೇ ತಾಣದಲ್ಲಿ ತೆರೆಯಿರಿ.